ಹುಳದೊಳಗೆ ರೆಕ್ಕೆ ಕಂಡವನು: ಯಾನ್ ಸ್ವಾಮರ್‌ಡಾಮ್

ನೂರ್ಡ್‌ವೈಕ್‌ಗೆ ಹೊಸದಾಗಿ ಬಂದವರಿಗೆ ಮೊದಲು ಇಷ್ಟ ಆಗೋದು ಸಮುದ್ರ, ಆಮೇಲೆ ಟ್ಯೂಲಿಪ್ ಹೊಲಗಳು. ಗಾಳಿ ಮಾತ್ರ ಯಾರಿಗೂ ಇಷ್ಟ ಆಗಲ್ಲ. ಬೇಸಿಗೆ ಬಂತು, ಗಾಳಿ ನಿಂತಿತು ಅಂತ ಖುಷಿಪಡುವಷ್ಟರಲ್ಲಿ ಇನ್ನೊಂದು ಪಟಾಲಂ ಹಾಜರ್. ಕುದುರೆಗಳು ಮೇಯುವ ಹುಲ್ಲುಗಾವಲಿನ ಪಕ್ಕ ಸೈಕಲ್ ನಿಲ್ಲಿಸಿದರೆ ಬಟ್ಟೆಯ ಮೇಲಿಂದಲೇ ಕಚ್ಚುವ ದೊಡ್ಡ ನೊಣ. ಡಚ್ಚರು ಇದಕ್ಕೆ ದಾಸ್ ಅಂತಾರೆ. ನಮ್ಮ ದಾಸರಿಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಹೊರಗೆ ಕೂತು ಜ್ಯೂಸ್ ಕುಡಿದರೆ ಲೋಟದ ಅಂಚಿಗೆ ಕಣಜ. ರಾತ್ರಿ ಕಿಟಕಿ ತೆರೆದರೆ ಸೊಳ್ಳೆ, ಜೊತೆಗೆ ದೀಪಕ್ಕೆ ಬರುವ ಪತಂಗ. ಇನ್ನು ಓಕ್ ಮರಗಳಿರುವ ಕಡೆ ಕಂಬಳಿಹುಳು ಇದೆ, ಹತ್ತಿರ ಹೋಗಬೇಡಿ ಅಂತ ಬೋರ್ಡು.

ಊರಿಗೆ ಫೋನ್ ಮಾಡಿ ಏನೋ ಕಚ್ಚಿ ಕೈ ಊದಿದೆ ಅಂದರೆ ನಮ್ಮ ಅಮ್ಮಂದಿರು ಮೊದಲು ಕೇಳೋದು ಒಂದೇ, ಕಚ್ಚಿದ್ದು ಏನು ಅಂತ. ಗುರುತು ಮೊದಲು, ಮದ್ದು ಆಮೇಲೆ. ಊರಲ್ಲಾದರೆ ಉತ್ತರ ಥಟ್ಟನೆ ಬರುತ್ತೆ. ತುಡುವೆ ಯಾವುದು, ಹೆಜ್ಜೇನು ಯಾವುದು, ಕಣಜ ಯಾವುದು ಅಂತ ಮಲೆನಾಡಿನ ಮಕ್ಕಳಿಗೆ ಯಾರೂ ಪಾಠ ಮಾಡಬೇಕಾಗಿಲ್ಲ. ಇಲ್ಲಿಗೆ ಬಂದ ಮೇಲೆ ನಮಗೆ ಹೆಸರೂ ಗೊತ್ತಿಲ್ಲ, ಮುಖ ಪರಿಚಯವೂ ಇಲ್ಲ. ಹಳದಿ-ಕಪ್ಪು ಪಟ್ಟೆ ಇದ್ದದ್ದೆಲ್ಲ ಕಣಜ ಅನ್ನಿಸುತ್ತೆ.

ಒಂದು ಹುಳುವನ್ನು ಗುರುತು ಹಿಡಿಯೋದು ಅಂದರೆ ಏನು ಅನ್ನೋ ಪ್ರಶ್ನೆಗೆ ಇಡೀ ಆಯುಷ್ಯ ಕೊಟ್ಟ ಒಬ್ಬ ವ್ಯಕ್ತಿ ನೂರ್ಡ್‌ವೈಕ್‌ನಿಂದ 10–12 ಕಿಲೋಮೀಟರ್ ದೂರದ ಲೈಡನ್‌ನಲ್ಲಿ ಓದಿದ್ದ. ನಮ್ಮ ಹಾಗೇ ವಿದ್ಯಾರ್ಥಿ, ನಮ್ಮ ಹಾಗೇ ಕೈಯಲ್ಲಿ ಕಾಸಿಲ್ಲದವನು, ಕೆಲಸ ಯಾವಾಗ ಹಿಡೀತೀಯಾ ಅಂತ ಮನೆಯಿಂದ ಕೇಳಿಸಿಕೊಂಡವನು. ಹೆಸರು ಯಾನ್ ಸ್ವಾಮರ್‌ಡಾಮ್. ಬದುಕಿದ್ದು ಬರೀ 43 ವರ್ಷ. ಈ ಸಲದ ಪುಸ್ತಿಕೆಗೆ ಅವನ ಕತೆ ಬರೀತಿದ್ದೇವೆ.

ಔಷಧಿ ಅಂಗಡಿಯ ಮಗ

ಯಾನ್ ಹುಟ್ಟಿದ್ದು 1637ರ ಫೆಬ್ರವರಿ 12ರಂದು, ಆಮ್ಸ್ಟರ್‌ಡ್ಯಾಮ್‌ನಲ್ಲಿ. ಅಪ್ಪ ಔಷಧಿ ವ್ಯಾಪಾರಿ. ಮನೆ ಮೊಂಟೆಲ್‌ಬಾನ್ ಗೋಪುರದ ಹತ್ತಿರ, ಬಂದರಿಗೆ ಸಮೀಪ. ಡಚ್ ಈಸ್ಟ್ ಇಂಡಿಯಾ ಕಂಪನಿ ಶುರುವಾಗಿ ಆಗಲೇ 35 ವರ್ಷ ಆಗಿತ್ತು. ಪೂರ್ವ ದೇಶಗಳಿಂದ ಬರುವ ಹಡಗುಗಳು ಮೆಣಸು, ಲವಂಗ, ಪಿಂಗಾಣಿಯ ಜೊತೆಗೆ ಚಿಪ್ಪು, ಹವಳ, ಒಣಗಿದ ಪ್ರಾಣಿ, ವಿಚಿತ್ರ ಹುಳ ಎಲ್ಲವನ್ನೂ ಹೊತ್ತು ತರುತ್ತಿದ್ದವು. ಅಪ್ಪನಿಗೆ ಇವನ್ನೆಲ್ಲ ಕೊಂಡು ಜೋಡಿಸುವ ಹುಚ್ಚು. ಮನೆಯೇ ಒಂದು ಮ್ಯೂಸಿಯಂ ಆಗಿಹೋಗಿತ್ತು, ಊರಿಗೆ ಬಂದ ದೊಡ್ಡವರು ನೋಡಲು ಬರುತ್ತಿದ್ದರು.

ಹುಡುಗನಿಗೆ ಆ ಸಂಗ್ರಹವನ್ನು ಒರೆಸಿ, ವಿಂಗಡಿಸಿ, ಪಟ್ಟಿ ಮಾಡುವ ಕೆಲಸ. ಮಗ ಚರ್ಚಿನಲ್ಲಿ ಪಾದ್ರಿ ಆಗಲಿ ಅನ್ನೋದು ಅಪ್ಪನ ಆಸೆ. ಮಗನಿಗೆ ಬೇಕಾಗಿದ್ದದ್ದು ಹುಳ. ಹೊಲ, ಕೊಳ, ಮರಳುದಿಬ್ಬ, ಕೊಳಚೆ ಅಂತ ನೋಡದೆ ಸುತ್ತಿ ಹಿಡಿದು ತರುತ್ತಿದ್ದ. ಕೊನೆಗೆ ಅಪ್ಪ-ಮಗ ರಾಜಿಯಾಗಿ ವೈದ್ಯಕೀಯ ಓದುವುದು ಅಂತ ತೀರ್ಮಾನ ಆಯ್ತು. 1661ರಲ್ಲಿ, 24ನೇ ವಯಸ್ಸಿನಲ್ಲಿ, ಯಾನ್ ಲೈಡನ್ ವಿಶ್ವವಿದ್ಯಾಲಯ ಸೇರಿದ. ನಮ್ಮಲ್ಲಿ ಹಲವರು ಮಾಸ್ಟರ್ಸ್‌ಗೆ ಬಂದ ವಯಸ್ಸೇ ಅದು.

ಲೈಡನ್‌ನ ಗೆಳೆಯರ ಗುಂಪು

ಲೈಡನ್‌ನಲ್ಲಿ ಸಿಕ್ಕ ಗೆಳೆಯರು ಸಾಮಾನ್ಯರಲ್ಲ. ಡೆನ್ಮಾರ್ಕ್‌ನಿಂದ ಬಂದ ನೀಲ್ಸ್ ಸ್ಟೆನ್ಸೆನ್, ಮುಂದೆ ಸ್ಟೆನೊ ಅಂತ ಹೆಸರಾಗಿ ಭೂವಿಜ್ಞಾನಕ್ಕೆ ಅಡಿಪಾಯ ಹಾಕಿದವನು. ರೇನಿಯರ್ ದೆ ಗ್ರಾಫ್, ಅಂಡಾಶಯದ ಅಧ್ಯಯನಕ್ಕೆ ಹೆಸರಾದವನು. ಪಾಠ ಹೇಳಿದವರು ಯೊಹಾನೆಸ್ ಫಾನ್ ಹೋರ್ನೆ, ಫ್ರಾನ್ಸಿಸ್ಕಸ್ ಸಿಲ್ವಿಯಸ್. ಪುಸ್ತಕದಲ್ಲಿ ಇದೆ ಅಂತ ನಂಬಬೇಡ, ಕೊಯ್ದು ನೋಡು ಅನ್ನೋದು ಆ ಕಾಲದ ಲೈಡನ್‌ನ ಪಾಠ.

ಯಾನ್ ಕೊಯ್ದು ನೋಡಿದ. ನಡುವೆ ಫ್ರಾನ್ಸ್‌ಗೂ ಹೋಗಿಬಂದ. ಅಲ್ಲಿ ಮೆಲ್ಕಿಸೆಡೆಕ್ ತೆವೆನೋ ಅನ್ನುವ ಶ್ರೀಮಂತ ವಿದ್ಯಾಪ್ರೇಮಿಯ ಸ್ನೇಹ ಸಿಕ್ಕಿತು. ಆ ಸ್ನೇಹ ಸಾಯುವ ತನಕ ಉಳಿಯಿತು. 1667ರಲ್ಲಿ ಉಸಿರಾಟದ ಬಗ್ಗೆ ಥೀಸಿಸ್ ಬರೆದು ಡಾಕ್ಟರ್ ಆದ.

ಎಂಜಿನಿಯರಿಂಗ್ ಓದಿದ ನಮಗೆ ತುಂಬ ಹಿಡಿಸಿದ್ದು ಅವನ ಕಪ್ಪೆಯ ಪ್ರಯೋಗ. ಮೆದುಳಿನಿಂದ ನರದ ಮೂಲಕ ಒಂದು ಸೂಕ್ಷ್ಮ ದ್ರವವೋ ಗಾಳಿಯೋ ಹರಿದು ಬಂದು ತುಂಬಿಕೊಂಡಾಗ ಸ್ನಾಯು ಉಬ್ಬುತ್ತೆ, ಅದರಿಂದಲೇ ಕೈಕಾಲು ಆಡುತ್ತೆ ಅಂತ ಆಗಿನವರ ನಂಬಿಕೆ. ಹಾಗಿದ್ದರೆ ಸ್ನಾಯುವಿನ ಗಾತ್ರ ಹೆಚ್ಚಬೇಕು ತಾನೆ? ಯಾನ್ ಕಪ್ಪೆಯ ಸ್ನಾಯುವನ್ನು ಗಾಜಿನ ನಳಿಗೆಯೊಳಗೆ ಇಟ್ಟ. ನಳಿಗೆಯ ಸಣ್ಣ ಬಾಯಲ್ಲಿ ಒಂದು ಹನಿ ನೀರು ನಿಲ್ಲಿಸಿದ. ನರವನ್ನು ಕೆಣಕಿ ಸ್ನಾಯು ಕುಗ್ಗಿಸಿದ. ಹನಿ ಮೇಲೇರಲಿಲ್ಲ. ಗಾತ್ರ ಹೆಚ್ಚಿಲ್ಲ ಅಂದಮೇಲೆ ಏನೂ ಬಂದು ತುಂಬಿಲ್ಲ. ಒಂದು ಹನಿ ನೀರು ಶತಮಾನಗಳ ಸಿದ್ಧಾಂತವನ್ನು ಅಲ್ಲಾಡಿಸಿತು. ಪ್ರಶ್ನೆಯನ್ನು ಅಳೆಯುವ ಹಾಗೆ ಮಾಡು ಅನ್ನುವ ಈ ಬುದ್ಧಿಯನ್ನೇ ಅವನು ಹುಳಗಳ ಮೇಲೂ ಪ್ರಯೋಗಿಸಿದ.

ಹುಳ ಹುಟ್ಟೋದು ಎಲ್ಲಿಂದ?

ಅವನ ಕೆಲಸದ ತೂಕ ಗೊತ್ತಾಗಬೇಕಾದರೆ ಆ ಕಾಲದವರು ಏನು ನಂಬಿದ್ದರು ಅಂತ ತಿಳಿಯಬೇಕು. ನಮ್ಮಲ್ಲಿ ಕೀಟ-ಭ್ರಮರ ನ್ಯಾಯ ಅಂತ ಒಂದು ಮಾತಿದೆ. ಕಣಜದಂಥ ಭ್ರಮರ ಒಂದು ಹುಳುವನ್ನು ತಂದು ಮಣ್ಣಿನ ಗೂಡಿನಲ್ಲಿ ಮುಚ್ಚಿ ಝೇಂಕರಿಸುತ್ತೆ, ಆ ನಾದ ಕೇಳುತ್ತಾ, ಭ್ರಮರವನ್ನೇ ಧ್ಯಾನಿಸುತ್ತಾ ಹುಳು ತಾನೂ ಭ್ರಮರ ಆಗುತ್ತೆ ಅಂತ. ಗುರು-ಶಿಷ್ಯರ ಬಗ್ಗೆ ಹೇಳೋಕೆ ಬಹಳ ಚೆನ್ನಾದ ಹೋಲಿಕೆ. ಆದರೆ ಗೂಡಿನಲ್ಲಿ ನಡೆಯೋದು ಬೇರೆ. ಕಣಜ ಆ ಹುಳುವನ್ನು ಕುಟುಕಿ, ಅಲುಗಾಡದಂತೆ ಮಾಡಿ, ಅದೇ ಗೂಡಿನಲ್ಲಿ ತನ್ನ ಮೊಟ್ಟೆಯನ್ನೂ ಇಟ್ಟಿರುತ್ತೆ. ಮೊಟ್ಟೆಯಿಂದ ಬಂದ ಮರಿ ಆ ಹುಳುವನ್ನು ತಿಂದು ಬೆಳೆದು ಕಣಜವಾಗಿ ಹೊರಗೆ ಬರುತ್ತೆ. ಒಳಗೆ ಹೋದದ್ದೂ ಹೊರಗೆ ಬಂದದ್ದೂ ಎರಡು ಬೇರೆ ಬೇರೆ ಜೀವ.

ಯುರೋಪಿನ ಕತೆಗಳೂ ಇದೇ ಜಾತಿಯವು. ಸತ್ತ ಎತ್ತಿನ ಒಡಲಿನಿಂದ ಜೇನುನೊಣ ಹುಟ್ಟುತ್ತೆ ಅಂತ ಗ್ರೀಕ್-ರೋಮನ್ ಕಾಲದಿಂದಲೂ ನಂಬಿದ್ದರು. ಆ ಕೊಳೆತ ರಸದಲ್ಲಿ ಬೆಳೆದು ಹೊರಬರುತ್ತಿದ್ದದ್ದು ಜೇನಿನ ಹಾಗೇ ಕಾಣುವ, ಕೊಂಡಿಯೇ ಇಲ್ಲದ ಒಂದು ನೊಣ ಅಂತ ಆಮೇಲೆ ವಿದ್ವಾಂಸರು ವಿವರಿಸಿದರು. ಗುರುತು ತಪ್ಪಿದ್ದರಿಂದ ಹುಟ್ಟಿದ ನಂಬಿಕೆ ಸಾವಿರಾರು ವರ್ಷ ಬದುಕಿತು ನೋಡಿ.

ಡಚ್ಚರಲ್ಲೇ ಯೊಹಾನೆಸ್ ಖೂಡಾರ್ಟ್ ಅನ್ನುವ ಚಿತ್ರಕಾರ ಕಂಬಳಿಹುಳುಗಳನ್ನು ಮನೆಯಲ್ಲಿ ಸಾಕಿ ಅವು ರೂಪ ಬದಲಿಸುವುದನ್ನು ಚೆಂದವಾಗಿ ಬರೆದಿಟ್ಟಿದ್ದ. ಅವನಿಗೆ ಒಂದು ಗೊಂದಲ. ಒಂದೇ ಬಗೆಯ ಹುಳುವಿನಿಂದ ಒಮ್ಮೆ ಚಿಟ್ಟೆ ಬರುತ್ತೆ, ಇನ್ನೊಮ್ಮೆ ಸಣ್ಣ ನೊಣಗಳ ಹಿಂಡೇ ಬರುತ್ತೆ. ಅವನು ಇದನ್ನು ಪ್ರಕೃತಿಯ ಚಮತ್ಕಾರ ಅಂದುಕೊಂಡ. ಸ್ವಾಮರ್‌ಡಾಮ್ ಒಪ್ಪಲಿಲ್ಲ. ಚಿಟ್ಟೆಯ ಮಗು ಚಿಟ್ಟೆ, ನೊಣದ ಮಗು ನೊಣ. ಹುಳುವಿನ ಒಡಲಿನಿಂದ ನೊಣ ಬಂದರೆ ಮೊದಲು ಯಾವುದೋ ನೊಣ ಅಲ್ಲಿ ಮೊಟ್ಟೆ ಇಟ್ಟಿರಲೇಬೇಕು ಅನ್ನೋದು ಅವನ ಹಟ.

ಈ ಮಾತು ನಮ್ಮ ರಾಮನಗರ, ಕೋಲಾರದ ರೇಷ್ಮೆ ಬೆಳೆಗಾರರಿಗೆ ಹೇಳಿದರೆ ನಕ್ಕಾರು. 1980ರಲ್ಲಿ ಕರ್ನಾಟಕಕ್ಕೆ ಕಾಲಿಟ್ಟ ಊಜಿ ನೊಣ ಏನು ಮಾಡುತ್ತೆ ಅಂತ ಅವರಿಗೆ ಚೆನ್ನಾಗಿ ಗೊತ್ತು. ಹುಳದ ಮೈಮೇಲೆ ಒಂದು ಸಣ್ಣ ಬಿಳಿ ಮೊಟ್ಟೆ, ಆಮೇಲೆ ಒಂದು ಕಪ್ಪು ಚುಕ್ಕೆ, ಕೊನೆಗೆ ಗೂಡು ತೂತು. ಹುಳದ ಮನೆಗೆ ಅವರು ಪರದೆ ಕಟ್ಟೋದು ಅದಕ್ಕೇ. ಹುಳುವಿನಿಂದ ನೊಣ ಹುಟ್ಟುತ್ತೆ ಅಂತ ನಂಬಿದ್ದರೆ ಪರದೆ ಕಟ್ಟುವ ಯೋಚನೆಯೇ ಬರುತ್ತಿರಲಿಲ್ಲ. ಗುರುತು ಸರಿಯಾದರೆ ಮಾತ್ರ ಉಪಾಯ ಹೊಳೆಯೋದು.

ರಾಜಕುಮಾರನ ಎದುರು ಒಂದು ಕಂಬಳಿಹುಳು

1667–68ರ ಚಳಿಗಾಲದಲ್ಲಿ ಫ್ಲಾರೆನ್ಸ್‌ನ ರಾಜಕುಮಾರ ಕೊಸಿಮೊ ದೆ ಮೆಡಿಚಿ ಆಮ್ಸ್ಟರ್‌ಡ್ಯಾಮ್‌ಗೆ ಬಂದ. ಸ್ವಾಮರ್‌ಡಾಮ್ ಮನೆಗೂ ಬಂದ. ಯಾನ್ ಒಂದು ಕಂಬಳಿಹುಳುವನ್ನು ತೆಗೆದುಕೊಂಡು, ಬಹಳ ಜೋಪಾನವಾಗಿ ಅದರ ಚರ್ಮ ಬಿಡಿಸಿ, ಒಳಗೆ ಮಡಿಸಿಟ್ಟಿದ್ದ ಚಿಟ್ಟೆಯ ರೆಕ್ಕೆಗಳನ್ನು ತೋರಿಸಿದ. ಹುಳು ಸತ್ತು ಚಿಟ್ಟೆ ಹುಟ್ಟುವುದಿಲ್ಲ. ಹುಳುವೇ ಚಿಟ್ಟೆ. ಮೊಟ್ಟೆ, ಹುಳು, ಕೋಶ, ಚಿಟ್ಟೆ ಎಲ್ಲ ಒಂದೇ ಜೀವದ ನಾಲ್ಕು ವಯಸ್ಸು.

ಇವತ್ತು ಶಾಲೆಯ ಪಠ್ಯದಲ್ಲಿ ಇದು ಒಂದು ಚಿತ್ರ, ಅಷ್ಟೇ. ಅವತ್ತು ಅದನ್ನು ಕಣ್ಣಾರೆ ಕಂಡವರಿಗೆ ನಂಬೋದು ಕಷ್ಟ ಆಗಿರಬೇಕು. ಕೊಸಿಮೊ ಇಡೀ ಸಂಗ್ರಹಕ್ಕೆ 12,000 ಗಿಲ್ಡರ್ ಕೊಡುತ್ತೇನೆ, ಜೊತೆಗೆ ನೀನೂ ಫ್ಲಾರೆನ್ಸ್‌ಗೆ ಬಂದು ಆಸ್ಥಾನದಲ್ಲಿರು ಅಂತ ಕರೆದ. ಆ ಕಾಲಕ್ಕೆ ಅದು ದೊಡ್ಡ ಗಂಟು. ಯಾನ್ ಒಲ್ಲೆ ಅಂದ. ಆಸ್ಥಾನದ ಬದುಕು, ಧರ್ಮ ಬದಲಿಸಬೇಕಾದೀತು ಅನ್ನುವ ಅಳುಕು, ಎರಡೂ ಅವನಿಗೆ ಬೇಕಿರಲಿಲ್ಲ.

1669ರಲ್ಲಿ ಡಚ್ ಭಾಷೆಯಲ್ಲಿ ಕೀಟಗಳ ಬಗ್ಗೆ ಪುಸ್ತಕ ತಂದ. ಅದರಲ್ಲಿ ಕೀಟಗಳನ್ನು ಬಣ್ಣ, ಗಾತ್ರ, ಇರುವ ಜಾಗ ನೋಡಿ ವಿಂಗಡಿಸದೆ, ಬೆಳೆಯುವ ರೀತಿ ನೋಡಿ ನಾಲ್ಕು ಗುಂಪು ಮಾಡಿದ. ಹುಟ್ಟಿದಾಗಲೇ ದೊಡ್ಡದರ ಹಾಗೆ ಇದ್ದು ಸುಮ್ಮನೆ ಗಾತ್ರದಲ್ಲಿ ಬೆಳೆಯುವವು, ಹೇನಿನ ಹಾಗೆ. ಬೆಳೆಯುತ್ತಾ ಬೆನ್ನ ಮೇಲೆ ರೆಕ್ಕೆ ಮೊಳೆಯುವವು, ಏರೋಪ್ಲೇನ್ ಚಿಟ್ಟೆಯ ಹಾಗೆ. ನಡುವೆ ಕೋಶದಲ್ಲಿ ಕೂತು ರೂಪ ಬದಲಿಸುವವು, ಜೇನು, ಇರುವೆ, ಪತಂಗಗಳ ಹಾಗೆ. ಕೊನೆಯದಾಗಿ, ಹುಳುವಿನ ಹಳೆ ಚರ್ಮದೊಳಗೇ ಗಟ್ಟಿಯಾಗಿ ಕೂತು ಬದಲಾಗುವವು, ನೊಣಗಳ ಹಾಗೆ. ಜೇಡ, ಬಸವನಹುಳುವನ್ನೂ ಅವನು ಇದರಲ್ಲೇ ಸೇರಿಸಿದ್ದ, ಇಂದು ನಾವು ಅವನ್ನು ಕೀಟ ಅನ್ನಲ್ಲ. ಆದರೆ ಬೆಳವಣಿಗೆಯನ್ನು ನೋಡಿ ವಿಂಗಡಿಸುವ ಬುಡದ ವಿಚಾರ ಇವತ್ತಿಗೂ ಉಳಿದಿದೆ.

ನಮ್ಮ ದಿನದ ಉಪಯೋಗಕ್ಕೆ ಇದರಲ್ಲಿ ಏನಿದೆ ಅಂದರೆ, ಓಕ್ ಮರದ ಬೋರ್ಡನ್ನೇ ತಗೊಳ್ಳಿ. ಅಲ್ಲಿ ಸಾಲಾಗಿ ಮೆರವಣಿಗೆ ಹೋಗುವ ಕಂಬಳಿಹುಳುವಿನ ಸಣ್ಣ ರೋಮ ತಾಗಿದರೆ ಮೈಯೆಲ್ಲ ತುರಿಕೆ, ಕಣ್ಣಿಗೆ ಬಿದ್ದರೆ ಉರಿ. ಅದೇ ಜೀವ ಪತಂಗವಾದ ಮೇಲೆ ಬೂದು ಬಣ್ಣದ, ಯಾರ ತಂಟೆಗೂ ಹೋಗದ ಸಾಧು. ಪತಂಗ ಮಾತ್ರ ನೋಡಿದವರಿಗೆ ಭಯ ಇರಲ್ಲ, ಹುಳು ಮಾತ್ರ ನೋಡಿದವರಿಗೆ ಅದು ಎಲ್ಲಿಂದ ಬಂತು ಅಂತ ತಿಳಿಯಲ್ಲ. ಇಡೀ ಜೀವನ ನೋಡಿದವರಿಗಷ್ಟೇ ಯಾವ ತಿಂಗಳಲ್ಲಿ ಎಚ್ಚರ ಇರಬೇಕು ಅಂತ ಗೊತ್ತಾಗೋದು.

ಅಪ್ಪನ ಪ್ರಶ್ನೆ

ಇಷ್ಟೆಲ್ಲ ಆದರೂ ಮನೆಯಲ್ಲಿ ನೆಮ್ಮದಿ ಇರಲಿಲ್ಲ. ಮಗ ಡಾಕ್ಟರ್ ಆಗಿ ವರ್ಷಗಳು ಕಳೆದವು, ಒಬ್ಬ ರೋಗಿಯನ್ನೂ ನೋಡಿ ನಾಲ್ಕು ಕಾಸು ತರಲಿಲ್ಲ. ದಿನವಿಡೀ ಹುಳ ಕೊಯ್ಯುತ್ತಾ ಕೂರುತ್ತಾನೆ. ಅಪ್ಪನೇ ಜೀವನವಿಡೀ ಚಿಪ್ಪು, ಹುಳ ಕೂಡಿಹಾಕಿದವರು, ಆದರೆ ಅದು ವ್ಯಾಪಾರ ಮಾಡುತ್ತಾ ಬಿಡುವಿನಲ್ಲಿ ಮಾಡಿದ ಹವ್ಯಾಸ. ಮಗನಿಗೆ ಹವ್ಯಾಸವೇ ಬದುಕು. ಪ್ರಾಕ್ಟೀಸ್ ಶುರು ಮಾಡು, ಇಲ್ಲವಾದರೆ ದುಡ್ಡೂ ಇಲ್ಲ, ಬಟ್ಟೆಬರೆಯೂ ಇಲ್ಲ ಅನ್ನುವ ಮಟ್ಟಕ್ಕೆ ಮಾತು ಬಂತು.

ಅಪ್ಪನನ್ನು ವಿಲನ್ ಮಾಡೋಕೆ ನಮಗೆ ಮನಸ್ಸಿಲ್ಲ. ಎಜುಕೇಷನ್ ಲೋನ್ ತೆಗೆದು ಮಕ್ಕಳನ್ನು ಇಲ್ಲಿಗೆ ಕಳಿಸಿದ ಮನೆಗಳಲ್ಲಿ ಈ ಮಾತು ಹೇಗೆ ಹುಟ್ಟುತ್ತೆ ಅಂತ ನಮ್ಮೆಲ್ಲರಿಗೂ ಗೊತ್ತು. ಆದರೆ ಯಾನ್‌ನ ಕಡೆಯಿಂದ ನೋಡಿದರೆ ಅವನ ಕೆಲಸಕ್ಕೆ ಆಗ ಒಂದು ಹೆಸರೇ ಇರಲಿಲ್ಲ. ಕೀಟಶಾಸ್ತ್ರಜ್ಞ ಅನ್ನುವ ಹುದ್ದೆ ಇಲ್ಲ, ವಿಭಾಗ ಇಲ್ಲ, ಫೆಲೋಶಿಪ್ ಇಲ್ಲ. ಅವನು ಮಾಡುತ್ತಿದ್ದ ಕೆಲಸ ಏನು ಅಂತ ಅಪ್ಪನಿಗೆ ವಿವರಿಸೋಕೆ ಪದವೇ ಇರಲಿಲ್ಲ.

ಜೇನಿನ ರಾಜ ಅಲ್ಲ, ರಾಣಿ

ಅವನ ದೊಡ್ಡ ಕೆಲಸ ಜೇನಿನ ಮೇಲೆ. ಗೂಡಿನಲ್ಲಿ ಎಲ್ಲಕ್ಕಿಂತ ದೊಡ್ಡದಾದ ಒಂದು ನೊಣ ಇರುತ್ತೆ. ಅದು ರಾಜ ಅಂತ ಅರಿಸ್ಟಾಟಲ್ ಕಾಲದಿಂದ ಬಂದ ಮಾತು. ಅದು ಹೆಣ್ಣು ಇರಬೇಕು ಅಂತ ಕೆಲವರು ಆಗಲೇ ಹೇಳಿದ್ದರು. ಸ್ವಾಮರ್‌ಡಾಮ್ ಕೊಯ್ದು ತೋರಿಸಿದ. ಆ ರಾಜನ ಹೊಟ್ಟೆಯ ತುಂಬ ಅಂಡಾಶಯ, ಮೊಟ್ಟೆಗಳ ಸಾಲು. ಇಡೀ ಗೂಡಿಗೆ ಒಬ್ಬಳೇ ತಾಯಿ. ಸೋಮಾರಿ ಅನ್ನಿಸಿಕೊಂಡ ದಪ್ಪ ನೊಣಗಳೇ ಗಂಡು. ಅವಕ್ಕೆ ಕೊಂಡಿಯೇ ಇಲ್ಲ.

ಕೊಂಡಿಯನ್ನೂ ಅವನು ಬಿಡಿಸಿ ಬರೆದ. ಕೆಲಸಗಾರ ಜೇನಿನ ಕೊಂಡಿಯಲ್ಲಿ ಮೀನಿನ ಗಾಳದ ಹಾಗೆ ಹಿಂದಕ್ಕೆ ಬಾಗಿದ ಮುಳ್ಳುಗಳಿವೆ. ನಮ್ಮ ಚರ್ಮಕ್ಕೆ ಚುಚ್ಚಿದರೆ ಹಿಂದಕ್ಕೆ ಎಳೆದುಕೊಳ್ಳಲು ಆಗದೆ ಕಿತ್ತುಬರೋದು ಅದಕ್ಕೇ. ಕಣಜದ ಕೊಂಡಿ ಸಾಮಾನ್ಯವಾಗಿ ಹಾಗೆ ಸಿಕ್ಕಿಕೊಳ್ಳಲ್ಲ, ಅದು ಮತ್ತೆ ಮತ್ತೆ ಕುಟುಕಬಲ್ಲದು. ಹಾಗಾಗಿ ಗಾಯದಲ್ಲಿ ಕೊಂಡಿ ಉಳಿದಿದ್ದರೆ ಜೇನು ಅಂತ ಗುರುತು, ಉಗುರಿನಿಂದಲೋ ಕಾರ್ಡಿನಿಂದಲೋ ಬೇಗ ತೆಗೆದುಬಿಡಬೇಕು. ಕೊಂಡಿ ಅನ್ನೋದು ಮೂಲತಃ ಮೊಟ್ಟೆ ಇಡುವ ಅಂಗ ಬದಲಾಗಿ ಆದದ್ದು ಅಂತ ಇವತ್ತು ಗೊತ್ತು. ಗಂಡಿಗೆ ಅದು ಇಲ್ಲದಿರೋಕೆ ಕಾರಣವೂ ಅದೇ. ಸೊಳ್ಳೆ, ದಾಸ್ ನೊಣಗಳಲ್ಲೂ ರಕ್ತ ಹೀರೋದು ಹೆಣ್ಣೇ, ಮೊಟ್ಟೆ ಬಲಿಯೋಕೆ ಆ ಸತ್ವ ಬೇಕು.

ಅವನ ಸಲಕರಣೆಗಳನ್ನು ಕೇಳಿದರೆ ನಮ್ಮ ಲ್ಯಾಬ್‌ಗಳು ನಾಚಬೇಕು. ಕತ್ತರಿ, ಚಾಕು ಎಷ್ಟು ಸಣ್ಣವು ಅಂದರೆ ಅವನ್ನು ಸಾಣೆ ಹಿಡಿಯೋಕೂ ಮಸೂರ ಬೇಕು. ಕೂದಲಿನಷ್ಟು ತೆಳ್ಳಗೆ ಎಳೆದ ಗಾಜಿನ ನಳಿಗೆಯಿಂದ ಹುಳದ ನಾಳಗಳಿಗೆ ಗಾಳಿ ಊದುತ್ತಿದ್ದ, ಬಣ್ಣದ ದ್ರವ ತುಂಬುತ್ತಿದ್ದ. ಕೊಬ್ಬು ಕರಗಿಸಲು ಟರ್ಪೆಂಟೈನ್. ಅಂಗಗಳು ತೇಲಿ ಬಿಡಿಬಿಡಿಯಾಗಿ ಕಾಣಲಿ ಅಂತ ನೀರಿನೊಳಗೆ ಕೊಯ್ಯುವುದು. ಲೈಡನ್‌ನ ಮುಸ್ಸೆನ್‌ಬ್ರೂಕ್ ಮಾಡಿಕೊಟ್ಟ ಹಿತ್ತಾಳೆಯ ಪುಟ್ಟ ಮೇಜಿಗೆ ಎರಡು ತೋಳು. ಒಂದರಲ್ಲಿ ಹುಳು, ಇನ್ನೊಂದರಲ್ಲಿ ಮಸೂರ. ಬೆಳಕು ಬೇಕಲ್ಲ, ಅದಕ್ಕೆ ಬೇಸಿಗೆಯಲ್ಲಿ ಬೆಳಗ್ಗೆ 6ಕ್ಕೇ ಬಿಸಿಲಿಗೆ ಕೂರುತ್ತಿದ್ದ. ನೆರಳು ಬೀಳುತ್ತೆ ಅಂತ ಟೋಪಿಯನ್ನೂ ಹಾಕುತ್ತಿರಲಿಲ್ಲ. ಬೆವರು ಸುರಿಸುತ್ತಾ ಮಧ್ಯಾಹ್ನದ ತನಕ ಕೊಯ್ಯುವುದು, ಕಣ್ಣು ಸೋತ ಮೇಲೆ ಕಂಡದ್ದನ್ನು ಬರೆದಿಡುವುದು.

ಎಲ್ಲವೂ ಅವನಿಗೆ ಸರಿಯಾಗಿ ಕಂಡಿತು ಅಂತಲ್ಲ. ರಾಣಿಯೂ ಗಂಡೂ ಕೂಡುವುದನ್ನು ಅವನು ನೋಡಲಿಲ್ಲ, ಗಂಡಿನ ವಾಸನೆಯಿಂದಲೇ ರಾಣಿ ಫಲವತಿ ಆಗುತ್ತಾಳೆ ಅಂದುಕೊಂಡ. ರಾಣಿ ಗೂಡಿನಿಂದ ಹೊರಗೆ ಹಾರಿಹೋಗಿ ಆಕಾಶದಲ್ಲಿ ಕೂಡುತ್ತಾಳೆ ಅಂತ ತಿಳಿದದ್ದು 18ನೇ ಶತಮಾನದಲ್ಲಿ. ದೊಡ್ಡದರ ರೂಪವೆಲ್ಲ ಮೊದಲೇ ಮೊಟ್ಟೆಯಲ್ಲಿ ಸಿದ್ಧವಾಗಿರುತ್ತೆ, ಬೆಳೆಯೋದು ಅಂದರೆ ಅದು ಬಿಚ್ಚಿಕೊಳ್ಳೋದು ಅಷ್ಟೇ ಅನ್ನುವ ಅವನ ಯೋಚನೆಯೂ ನಿಲ್ಲಲಿಲ್ಲ.

ಹರಿದುಹಾಕಿದ ಹಾಳೆಗಳು

ಈ ದುಡಿಮೆ ಅವನ ಮೈಯನ್ನೂ ಮನಸ್ಸನ್ನೂ ತಿಂದಿತು. ಹುಳದ ಪುಟ್ಟ ದೇಹದಲ್ಲಿ ದೇವರ ಕೈಚಳಕ ಕಂಡು ಶುರುಮಾಡಿದ ಕೆಲಸ. ಆದರೆ ನಾನು ಹುಡುಕುತ್ತಿರೋದು ದೇವರನ್ನೋ, ನನ್ನ ಹೆಸರನ್ನೋ ಅನ್ನುವ ಪ್ರಶ್ನೆ ಕೊರೆಯತೊಡಗಿತು. ಜೇನಿನ ಗ್ರಂಥ ಮುಗಿಸುವಾಗ ಪ್ರತಿ ದಿನವೂ ಒಂದು ಕಡೆ ಕುತೂಹಲ, ಇನ್ನೊಂದು ಕಡೆ ಪಶ್ಚಾತ್ತಾಪ.

ಆ ಹೊತ್ತಿಗೆ ಆಂತ್ವಾನೆತ್ ಬೂರಿನ್ಯೋಂ ಅನ್ನುವ ಅನುಭಾವಿ ಮಹಿಳೆಯ ಬರಹ ಓದಿ ಅವಳಿಗೆ ಪತ್ರ ಬರೆದ. ಲೋಕದ ಎಲ್ಲ ಕೀರ್ತಿ ಬಿಟ್ಟು ಬಾ ಅನ್ನೋದು ಅವಳ ದಾರಿ. 1675ರಲ್ಲಿ ಅವಳ ಅನುಮತಿ ಕೇಳಿಯೇ ಒಂದು ಪುಸ್ತಕ ಪ್ರಕಟಿಸಿದ. ಅದು ಡಚ್ ನದಿಗಳ ದಂಡೆಯ ಒಂದು ಕ್ಷಣಿಕ ಕೀಟದ ಬಗ್ಗೆ. ಮೂರು ವರ್ಷ ನೀರಿನ ಕೆಳಗೆ ಜೇಡಿಮಣ್ಣಿನಲ್ಲಿ ಹುಳುವಾಗಿದ್ದು, ಒಂದು ಸಂಜೆ ರೆಕ್ಕೆ ಬಂದು ಮೇಲೆದ್ದು, ಕೂಡಿ, ಮೊಟ್ಟೆ ಇಟ್ಟು, ಕೆಲವೇ ಗಂಟೆಗಳಲ್ಲಿ ಸಾಯುವ ಜೀವ. ಅರ್ಧ ಅಂಗರಚನೆ, ಅರ್ಧ ಪ್ರಾರ್ಥನೆ ಅನ್ನುವಂಥ ಪುಸ್ತಕ. ಆಮೇಲೆ ಎಲ್ಲ ಬಿಟ್ಟು ಅವಳಿದ್ದ ಶ್ಲೆಸ್ವಿಗ್‌ಗೆ ಹೋದ.

ನಮಗೆ ಓದುವಾಗ ಹೊಟ್ಟೆ ಉರಿದದ್ದು ಇಲ್ಲಿ. ರೇಷ್ಮೆಹುಳುವಿನ ಬಗ್ಗೆ ಬರೆದ ಹಸ್ತಪ್ರತಿಯನ್ನು ಅವನು ಹರಿದುಹಾಕಿದ. ಚಿತ್ರಗಳನ್ನು ಮಾತ್ರ ಇಟಲಿಯ ಮಾಲ್ಪಿಗಿಗೆ ಕಳಿಸಿಬಿಟ್ಟ. ಮಾಲ್ಪಿಗಿ 1669ರಲ್ಲಿ ರೇಷ್ಮೆಹುಳುವಿನ ಬಗ್ಗೆ ದೊಡ್ಡ ಗ್ರಂಥ ತಂದವನು. ಒಂದು ರೀತಿಯಲ್ಲಿ ಪ್ರತಿಸ್ಪರ್ಧಿ. ಹುಳು ಪೊರೆ ಬಿಡುವುದಕ್ಕೆ ನಮ್ಮ ರೇಷ್ಮೆ ಸಾಕುವವರು ಜ್ವರ ಅಂತಾರೆ, ಗೂಡು ಕಟ್ಟಲು ಸಿದ್ಧವಾದದ್ದಕ್ಕೆ ಹಣ್ಣು ಹುಳ ಅಂತಾರೆ. ಇಂಥ ಪ್ರತಿ ಹಂತವನ್ನೂ ಒಳಗಿನಿಂದ ಬಿಡಿಸಿ ನೋಡಿದ ಒಬ್ಬನ ಬರಹ ನಮಗೆ ಸಿಗದೇ ಹೋಯಿತು.

ಒಂದು ವರ್ಷವೂ ತುಂಬುವ ಮೊದಲೇ, 1676ರಲ್ಲಿ, ಅವನು ಆಮ್ಸ್ಟರ್‌ಡ್ಯಾಮ್‌ಗೆ ವಾಪಸ್ ಬಂದ. ಮತ್ತೆ ಮಸೂರ ಹಿಡಿದ. ಹುಳವೂ ದೇವರೂ ಒಂದನ್ನೊಂದು ಬಿಟ್ಟುಕೊಡಬೇಕಾಗಿಲ್ಲ ಅನ್ನುವ ಒಂದು ಸಮಾಧಾನಕ್ಕೆ ಬಂದಿದ್ದ ಅನ್ನಿಸುತ್ತೆ.

ಬರೆದದ್ದು ಸೊಳ್ಳೆ, ಕಾಡಿದ್ದು ಜ್ವರ

ಅವನು ಬರೆದ ಕೀಟಗಳಲ್ಲಿ ಸೊಳ್ಳೆಯೂ ಇದೆ. ಡಚ್ ಭಾಷೆಯಲ್ಲಿ ಅದರ ಹೆಸರು ಕೇಳಲು ಮುಖ್‌ ಅನ್ನಿಸುತ್ತೆ. ನೀರಿನಲ್ಲಿ ತಲೆಕೆಳಗಾಗಿ ನೇತಾಡುತ್ತಾ ಬಾಲದ ಕೊಳವೆಯಿಂದ ಉಸಿರಾಡುವ ಮರಿ, ಕೋಶ, ರೆಕ್ಕೆ ಬಂದ ಸೊಳ್ಳೆ, ಎಲ್ಲ ಹಂತವನ್ನೂ ಅವನು ಕಂಡಿದ್ದ.

ಅವನನ್ನೇ ವರ್ಷಗಟ್ಟಲೆ ಕಾಡಿದ್ದು ಬಿಟ್ಟು ಬಿಟ್ಟು ಬರುವ ಜ್ವರ. ಇಂದಿನವರು ಅದನ್ನು ಮಲೇರಿಯಾ ಅಂತ ಗುರುತಿಸುತ್ತಾರೆ. ನೆದರ್‌ಲ್ಯಾಂಡ್ಸ್‌ನಲ್ಲಿ ಮಲೇರಿಯಾನಾ ಅಂತ ಆಶ್ಚರ್ಯ ಆಗಬಹುದು. ಸಮುದ್ರದ ಉಪ್ಪು ಸೇರಿದ ಜೌಗು ನೀರಿನಲ್ಲಿ ಮೊಟ್ಟೆ ಇಡುವ ಅನಾಫಿಲಿಸ್ ಸೊಳ್ಳೆ ಈ ಕರಾವಳಿಯದೇ. ಈ ದೇಶ ಮಲೇರಿಯಾಮುಕ್ತ ಅಂತ ಘೋಷಣೆಯಾದದ್ದು 1970ರಲ್ಲಿ.

ಸೊಳ್ಳೆಗೂ ಜ್ವರಕ್ಕೂ ಇರುವ ನಂಟು ಅವನಿಗೆ ಗೊತ್ತಾಗುವ ಹಾಗೇ ಇರಲಿಲ್ಲ. ಅದಕ್ಕೆ ಇನ್ನೂ 200 ವರ್ಷ ಬೇಕಿತ್ತು. ಆ ನಂಟು ಬಿಡಿಸಿದ ರೊನಾಲ್ಡ್ ರಾಸ್‌ಗೆ ನಮ್ಮ ಬೆಂಗಳೂರಿನ ನೆಂಟಸ್ತಿಕೆ ಇದೆ. 1883ರಲ್ಲಿ ಬೆಂಗಳೂರಿನ ದಂಡಿನಲ್ಲಿ ವೈದ್ಯನಾಗಿದ್ದಾಗ, ನಿಂತ ನೀರು ತಪ್ಪಿಸಿದರೆ ಸೊಳ್ಳೆ ಕಮ್ಮಿಯಾಗುತ್ತೆ ಅಂತ ಅವನು ಗಮನಿಸಿದ. 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆ ಕೊಯ್ದು ಅದರ ಗೋಡೆಯಲ್ಲಿ ಮಲೇರಿಯಾ ಪರಾವಲಂಬಿಯನ್ನು ಕಂಡ. ಸೊಳ್ಳೆಯ ಹೊಟ್ಟೆ ಕೊಯ್ಯುವ ಕೆಲಸಕ್ಕೆ ಬೇಕಾದ ಧೈರ್ಯ, ತಾಳ್ಮೆ ಎರಡನ್ನೂ ಮೊದಲು ತೋರಿಸಿದವರಲ್ಲಿ ಸ್ವಾಮರ್‌ಡಾಮ್ ಒಬ್ಬ.

1678ರಲ್ಲಿ ಅಪ್ಪ ತೀರಿಕೊಂಡರು. ಮಗ ತನ್ನ ಸಂಗ್ರಹ ಮಾರಿ ಬದುಕೋಣ ಅಂದುಕೊಂಡ, ಕೊಳ್ಳುವವರು ಸಿಗಲಿಲ್ಲ. 1680ರ ಫೆಬ್ರವರಿ 17ರಂದು, 43 ತುಂಬಿ ಐದು ದಿನಕ್ಕೆ, ಯಾನ್ ಸತ್ತ. ಮಣ್ಣು ಮಾಡಿದ್ದು ಆಮ್ಸ್ಟರ್‌ಡ್ಯಾಮ್‌ನ ವಾಲ್ಸೆ ಕೆರ್ಕ್ ಚರ್ಚಿನಲ್ಲಿ.

57 ವರ್ಷ ಕಾದ ಪುಸ್ತಕ

ಹಸ್ತಪ್ರತಿಗಳನ್ನೆಲ್ಲ ಗೆಳೆಯ ತೆವೆನೋಗೆ ಬಿಟ್ಟುಹೋಗಿದ್ದ. ಅವು ಲೈಡನ್‌ನಲ್ಲಿ ಒಬ್ಬನ ಕೈಯಲ್ಲಿ ಸಿಕ್ಕಿಕೊಂಡಿದ್ದವು, ಬಿಡಿಸಿಕೊಳ್ಳಲು ಕೋರ್ಟು-ಕಚೇರಿ ಆಯ್ತು. ತೆವೆನೋ ಸತ್ತ ಮೇಲೆ ಪ್ಯಾರಿಸ್‌ನಲ್ಲಿ ಕೈಯಿಂದ ಕೈಗೆ ಹೋದವು. ಕೊನೆಗೆ 1727ರಲ್ಲಿ ಲೈಡನ್‌ನ ಪ್ರಸಿದ್ಧ ವೈದ್ಯ ಹರ್ಮನ್ ಬೂರ್‌ಹಾವೆ 1,500 ಗಿಲ್ಡರ್ ಕೊಟ್ಟು ಕೊಂಡುಕೊಂಡ. ಕೂತು ಓದಿ, ಜೋಡಿಸಿ, ಯಾನ್‌ನ ಜೀವನಚರಿತ್ರೆ ಬರೆದು ಸೇರಿಸಿ, 1737–38ರಲ್ಲಿ ಪ್ರಕೃತಿಯ ಬೈಬಲ್ ಅನ್ನುವ ಅರ್ಥದ ಹೆಸರಿನಲ್ಲಿ ಎರಡು ಸಂಪುಟ ತಂದ. ಡಚ್ ಒಂದು ಕಡೆ, ಲ್ಯಾಟಿನ್ ಅನುವಾದ ಇನ್ನೊಂದು ಕಡೆ. ಅದೇ 1738ರಲ್ಲಿ ಬೂರ್‌ಹಾವೆಯೂ ತೀರಿಕೊಂಡ. ಸತ್ತವನ ಕೆಲಸವನ್ನು ಇನ್ನೊಬ್ಬ ತನ್ನ ಕೊನೆಗಾಲದಲ್ಲಿ ದಡ ಮುಟ್ಟಿಸಿದ. ಇವತ್ತು ಲೈಡನ್‌ನ ವಿಜ್ಞಾನ ಮ್ಯೂಸಿಯಂಗೆ ಬೂರ್‌ಹಾವೆ ಹೆಸರೇ ಇದೆ. ಸ್ವಾಮರ್‌ಡಾಮ್ ಕೈಬರಹ, ಚಿತ್ರಗಳು ಲೈಡನ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿವೆ.

ಕೊನೆಯದಾಗಿ ಒಂದು ತಮಾಷೆ. ಇಂಟರ್‌ನೆಟ್‌ನಲ್ಲಿ ಹುಡುಕಿದರೆ ಸ್ವಾಮರ್‌ಡಾಮ್ ಅಂತ ಒಂದು ಮುಖ ಸಿಗುತ್ತೆ, ಚೂಪು ಗಡ್ಡ, ಬಿಳಿ ಕಾಲರ್. ಅದು ಅವನಲ್ಲ. ರೆಂಬ್ರಾಂಟ್ 1632ರಲ್ಲಿ ಬರೆದ, ಡಾಕ್ಟರ್ ಟುಲ್ಪ್ ಹೆಣ ಕೊಯ್ಯುತ್ತಾ ಪಾಠ ಮಾಡುವ ಚಿತ್ರದಲ್ಲಿರುವ ಇನ್ಯಾರದೋ ಮುಖ ಅದು. ಆ ಚಿತ್ರ ಮುಗಿದಾಗ ನಮ್ಮ ಯಾನ್ ಹುಟ್ಟೇ ಇರಲಿಲ್ಲ. 19ನೇ ಶತಮಾನದಲ್ಲಿ ಅದನ್ನು ಇವನ ಹೆಸರಿಗೆ ಅಂಟಿಸಿದರು. ಅವನದು ಅಂತ ಖಚಿತವಾಗಿ ಹೇಳಬಹುದಾದ ಒಂದು ಚಿತ್ರವೂ ಇಲ್ಲ. ಮೂಲ ಚಿತ್ರ ದೆನ್ ಹಾಗ್‌ನ ಮೌರಿಟ್ಸ್‌ಹೌಸ್‌ನಲ್ಲಿದೆ, ಹೋದಾಗ ನೋಡಿ.

ಹೊರಮುಖ ನೋಡಿ ಗುರುತು ಹೇಳಬೇಡಿ ಅಂತ ಜೀವನವಿಡೀ ಹೇಳಿದವನ ಮುಖವೇ ತಪ್ಪಾಯ್ತು. ಆದರೆ ಅವನ ಗುರುತು ನಮಗೆ ಬೇರೆ ಕಡೆ ಸಿಕ್ಕಿದೆ. ಈ ಬೇಸಿಗೆಯಲ್ಲಿ ಹಳದಿ-ಕಪ್ಪು ಪಟ್ಟೆಯ ಏನಾದರೂ ನಿಮ್ಮ ಲೋಟದ ಹತ್ತಿರ ಬಂದರೆ, ಕೈ ಬೀಸುವ ಮೊದಲು ಒಂದು ಕ್ಷಣ ನೋಡಿ. ಎರಡು ರೆಕ್ಕೆ ಇದ್ದರೆ ಅದು ನೊಣ, ಪಟ್ಟೆ ಬರೀ ವೇಷ, ಕುಟುಕಲ್ಲ. ನಾಲ್ಕು ರೆಕ್ಕೆ, ಸಣ್ಣ ಸೊಂಟ ಇದ್ದರೆ ಕಣಜ, ಲೋಟ ಮುಚ್ಚಿ ಸುಮ್ಮನೆ ಕೂರಿ. ಮೈಯೆಲ್ಲ ರೋಮ, ಕಾಲಿಗೆ ಪರಾಗ ಮೆತ್ತಿದ್ದರೆ ಜೇನು, ಅದರ ದಾರಿಗೆ ಅದನ್ನು ಬಿಡಿ. ಊರಿಗೆ ಫೋನ್ ಮಾಡಿದಾಗ ಅಮ್ಮನ ಪ್ರಶ್ನೆಗೆ ಸರಿಯಾದ ಉತ್ತರ ಕೊಡಬಹುದು.